ಮೂರು ತಿಂಗಳ ದೊರೆಯ ಬೆಳ್ಳಿ ಬಿಲ್ಲೆ

ಮೊನ್ನೆ ಮೊಮ್ಮಗಳ ಗೆಜ್ಜೆ ಬೆಸುಗೆ ಹಾಕಿಸಲು ಆಚಾರಿ ಅಂಗಡಿಗೆ ಹೋಗಿದ್ದೆ. ಇದ್ದಿಲ ಹೊಗೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಷ್ಟ್ರು ಕಣ್ಮುಂದೆ ಬಂದು ನಿಂತರು…

ಆಗ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದ ಹೊಸತು. ಮದ್ದೂರಿನ ನಮ್ಮ ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದ ಅವರಿಗೆ ಇದ್ದದ್ದು ಒಂದೇ ಹುಚ್ಚು, ರೋಮಿನ ಬೆಳ್ಳಿ ನಾಣ್ಯ. ಅದರಲ್ಲೂ ಮೂರೇ ತಿಂಗಳು ಆಳಿ ಸತ್ತ ಒಬ್ಬ ಚಕ್ರವರ್ತಿಯದು. ಮದ್ರಾಸಿನಿಂದ ಟಪಾಲಿನಲ್ಲಿ ತರಿಸಿದ್ದ ಎರಡನ್ನು ಹತ್ತಿಯಲ್ಲಿ ಸುತ್ತಿ ತರಗತಿಗೆ ತಂದಿದ್ದರು. ಮೂರು ತಿಂಗಳ ದೊರೆಯ ಮುಖ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಉಳಿದಿದೆ ಅಂದಾಗ, ಅಬ್ಬಾ, ನನಗೆ ಮೈ ಜುಮ್ಮೆಂದಿತು.

ಬಗ್ಗಿ ನೋಡುವಾಗ ನನ್ನ ಕೊರಳ ದಾರದ ಬಿಲ್ಲೆ ರವಿಕೆಯಿಂದ ಈಚೆ ಬಂತು. ಆತಗೂರಿನ ಹೊಲ ಉಳುವಾಗ ತಾತನಿಗೆ ಸಿಕ್ಕಿದ್ದು. ಅಜ್ಜಿ ಕೊಂಡಿ ಹಾಕಿಸಿ ಕಟ್ಟಿದ್ದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿ ಅಂಚಿನ ಅಕ್ಷರ ಓದಿದರು.

“ಅವನೇ! ನಮ್ಮ ಮದ್ದೂರಲ್ಲಿ!”

ಹೆಣ್ಣುಮಗುವಿನ ಕೊರಳಿಗೆ ಕೈ ಹಾಕುವವರಲ್ಲ ಅವರು. ಭಾನುವಾರ ಮನೆಗೆ ಬಂದು ಎರಡೂ ಕಡೆ ನೋಡುತ್ತೇನೆ, ಅಜ್ಜಿಗೆ ಹೇಳಿರಮ್ಮ ಅಂದರು.

ನಾನೋ ದಡ್ಡಿ, ಮೇಷ್ಟ್ರಿಗೆ ನನ್ನ ಬಿಲ್ಲೆ ಬೇಕಂತೆ ಅಂದೆ. ಅಜ್ಜಿಗೆ ಹಿಗ್ಗೋ ಹಿಗ್ಗು.

“ಮೇಷ್ಟ್ರು ಬಾಯ್ಬುಟ್ಟು ಕೇಳವ್ರೆ, ಈ ಸವ್ದೋಗಿರದ ಎಂಗ್ ಕೊಡದು? ನಗಾಡ್ತಾರೆ ಕಣವ್ವ!”

ಬಿಲ್ಲೆ ಬಿಚ್ಚಿಕೊಂಡು ಆಚಾರಿ ಅಂಗಡಿಗೆ ಹೋದವಳು ಅದನ್ನು ಕರಗಿಸಿ, ಅವರ ದೇವರ ಪೂಜೆಗೆ ಅಂತ ಥಳಥಳ ಹೊಳೆಯುವ ಬಿಲ್ವಪತ್ರೆ ಮಾಡಿಸಿ ತಂದಳು.

ಭಾನುವಾರ ಮೇಷ್ಟ್ರು ಭೂತಗನ್ನಡಿ ಹಿಡಿದು ಬಂದರು. ಅಜ್ಜಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬೆಳ್ಳಿಯ ಪತ್ರೆ ಇಟ್ಟು ಕೊಟ್ಟು, ಆ ಬಿಲ್ಲೆಯಿಂದಲೇ ಮಾಡಿಸಿದ್ದು ಅಂದಳು. ಅವರ ಮುಖದಲ್ಲಿ ರಕ್ತವೇ ಇಲ್ಲ. ಆದರೂ ಪತ್ರೆಯನ್ನು ಕಣ್ಣಿಗೊತ್ತಿಕೊಂಡು, “ಬಹಳ ಚೆನ್ನಾಗಿದೆ ತಾಯಿ” ಅಂದರು. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ.

ಜಗುಲಿ ಇಳಿಯುವಾಗ ಮೆಲ್ಲಗೆ ಕೇಳಿದರು, “ಹಿಂದುಗಡೆ ಏನಿತ್ತಮ್ಮ? ನೆನಪು ಮಾಡ್ಕೋ.”

ಏನು ಹೇಳಲಿ! ಅಷ್ಟು ವರ್ಷ ಕಟ್ಟಿಕೊಂಡು ಮೆರೆದವಳು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಅವರ ಮುಖ ನೋಡಿಕೊಂಡು ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಬೀದಿಯಲ್ಲಿ ಜಟಕಾ ನಿಂತಿತ್ತು. ಕುದುರೆ ಅಂದುಬಿಟ್ಟೆ.

“ಕುದುರೇನಾ!” ಮೇಷ್ಟ್ರ ಮುಖ ಊರಗಲ ಆಯಿತು. ಅಂಥದ್ದನ್ನು ಅವರು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲವಂತೆ. ಅಲ್ಲೇ ನಿಂತು ಬರೆದುಕೊಂಡರು.

ಆಮೇಲೆ ಮಳವಳ್ಳಿಗೆ ವರ್ಗವಾಯಿತು. ಅಲ್ಲಿನ ಮಕ್ಕಳಿಗೂ ಆ ಕುದುರೆಯ ವಿಷಯ ಹೇಳುತ್ತಿದ್ದರಂತೆ. ಯಾರಾದರೂ ನಂಬದಿದ್ದರೆ, ನನ್ನ ಶಿಷ್ಯೆ ಕಣ್ಣಾರೆ ಕಂಡವಳು, ಸುಳ್ಳು ಹೇಳುವವಳಲ್ಲ ಅಂತ ಜಗಳಕ್ಕೇ ನಿಲ್ಲುತ್ತಿದ್ದರಂತೆ…

ಮದುವೆಯಾಗಿ ಹಲಗೂರು ಸೇರಿದ ಮೇಲೆ ಮಳವಳ್ಳಿಯ ಮೇಲೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿಬಂದೆನೋ. ಇಳಿದು ನಿಜ ಹೇಳುವ ಧೈರ್ಯ ಒಂದು ದಿನವೂ ಬರಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ. ನನ್ನ ಮಾತು ನಂಬಿಕೊಂಡೇ ಹೋಗಿಬಿಟ್ಟರು.