ಮಿಷನ್ನಿಗೆ ಮುಂಚಿನ ಕೊನೆಯ ಕೈ

ಬೆಳಕು ಹರಿಯುವ ಹೊತ್ತಿಗೆ ಕಸ ವಿಂಗಡಿಸುವ ಶೆಡ್ಡಿನ ಬಾಗಿಲು ತೆರೆದಿರಬೇಕು. ಇವತ್ತು ತೆರೆದಿಲ್ಲ. ಮೂಟೆಗಳನ್ನು ಹೇರಿಕೊಂಡು ಬಂದ ತಳ್ಳುಗಾಡಿಗಳು ಹೊರಗೇ ನಿಂತಿವೆ. ಬೀಗದ ಕೈ ಇರುವುದು ಚಿಕ್ಕಮ್ಮನ ಬಳಿ, ಚಿಕ್ಕಮ್ಮ ತಡಮಾಡಿದವರೇ ಅಲ್ಲ. "ಒಂದು ದಿನನಾದ್ರೂ ನಿದ್ದೆ ಹತ್ತಿರ್ಬೇಕು ಬಿಡು" ಎಂದು ಆರಿಸಿದ ಕಸವನ್ನು ಒತ್ತಿ ಕಟ್ಟುವ ಪ್ರೆಸ್ ಮಿಷನ್ ನಡೆಸುವ ಅಣ್ಣ ನಗುತ್ತಾನೆ. ಅಷ್ಟರಲ್ಲಿ ತಿರುವಿನಲ್ಲಿ ಚಿಕ್ಕಮ್ಮನ ಗಂಡ, ಚಿಕ್ಕಪ್ಪ ಕಾಣಿಸುತ್ತಾರೆ. ಶೆಡ್ಡಿನ ಕಡೆ ಎಂದೂ ತಲೆಹಾಕದ ಮನುಷ್ಯ ಅವರು. ಬೀಗದ ಕೈ ಅವರ ಮುಷ್ಟಿಯಲ್ಲಿದೆ. ಅದನ್ನು ಕಂಡ ಕೂಡಲೇ, ದಿನಾ ಚಿಕ್ಕಮ್ಮನ ಪಕ್ಕದಲ್ಲಿ ಕೂತು ಕಸ ಆರಿಸುವವಳೊಬ್ಬಳು ಗುಂಪು ಬಿಟ್ಟು ಮುಂದೆ ಬರುತ್ತಾಳೆ.

"ಬೆಳಗಿನ ಜಾವ ಎದ್ದು ನೀರು ಕುಡಿದ್ಲು. ಹಾಗೇ ಗೋಡೆಗೆ ಒರಗಿಕೊಂಡ್ಲು. ಅಷ್ಟೇ ಮಗಳೇ" ಎನ್ನುತ್ತಾರೆ ಚಿಕ್ಕಪ್ಪ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರ ಹಿಂದೆಯೇ ಹೊರಡುತ್ತಾಳೆ. ಅವರು ತಡೆಯುತ್ತಾರೆ.

"ಮಗ ಊರಿಂದ ಬರೋ ತನಕ ಏನೂ ಮಾಡೋ ಹಾಗಿಲ್ಲ, ಸಂಜೆ ಆಗುತ್ತೆ. ಇವತ್ತು ಲಾರಿ ಬರುತ್ತಂತಲ್ಲ. ಮಲಗೋ ಮುಂಚೆ ಅದೇ ಜಪ ಮಾಡ್ತಿದ್ಲು, ನಾಳೆ ಲಾರಿ, ನಾಳೆ ಲಾರಿ ಅಂತ. ಮನೇಲಿ ಅಳೋಕೆ ಜನ ಇದ್ದಾರೆ. ಇಲ್ಲಿ ಅವಳ ಜಾಗದಲ್ಲಿ ಕೂರೋಕೆ ಯಾರಿದ್ದಾರೆ?"

ಆಕೆ ಬೀಗದ ಕೈ ತೆಗೆದುಕೊಳ್ಳುತ್ತಾಳೆ.

ಶೆಡ್ಡಿನಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಮುಚ್ಚಳ ಎಂದು. ಆ ಹೆಸರಿಗೊಂದು ಕಥೆಯಿದೆ. ಗಂಡನಿಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತೆಂದು ಆಕೆ ಈ ನಗರಕ್ಕೆ ಬಂದು ಎರಡು ವರ್ಷವೂ ಆಗಿಲ್ಲ. "ನಮ್ಮೂರಲ್ಲಿ ಕಸ ಅಂದ್ರೆ ಗುಡಿಸಿದ ಮಣ್ಣು, ಅಷ್ಟೇ. ಸಿಪ್ಪೆ ಮೇಕೆ ತಿನ್ನೋದು, ಕಾಗದ ಒಲೆಗೆ ಹೋಗೋದು. ಬಾಟ್ಲಿ ಅಂತೂ ಬಂಗಾರ ಇದ್ದ ಹಾಗೆ, ಎಣ್ಣೆ ತರೋಕೆ ಬೇಕಲ್ಲ. ಇಲ್ಲಿ ಬಂದು ನೋಡಿದ್ರೆ ಬಾಟ್ಲಿ ಗುಡ್ಡ" ಎನ್ನುತ್ತಾಳೆ. ಚಿಕ್ಕಮ್ಮ ಕೈಹಿಡಿದು ಕರೆತಂದು ಈ ಮೇಜಿನ ಮುಂದೆ ಕೂರಿಸಿದ ಮೊದಲ ವಾರ ಆಕೆಗೆ ಖಾಲಿ ಬಾಟ್ಲಿಗಳ ಬೋಳು ಬಾಯಿ ನೋಡಿ ಮನಸ್ಸು ತಡೆಯಲಿಲ್ಲ. ಮುಚ್ಚಳವಿಲ್ಲದ ಬಾಟ್ಲಿ ಯಾರಿಗೆ ಬೇಕು? ರಾಶಿಯಲ್ಲಿ ಹುಡುಕಿ ಹುಡುಕಿ, ಒಂದೊಂದಕ್ಕೂ ಒಪ್ಪುವ ಮುಚ್ಚಳ ತಂದು ಬಿಗಿಯಾಗಿ ತಿರುಗಿಸಿಟ್ಟಳು. ಮಿಷನ್ ಒತ್ತತೊಡಗಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಪಟಪಟ ಸಿಡಿಯಿತು. ಅಣ್ಣ ಮಿಷನ್ ಬಿಟ್ಟು ರಸ್ತೆಗೇ ಓಡಿದ.

"ಪ್ರಾಣ ಬಾಯಿಗೆ ಬಂದಿತ್ತು ನಂಗೆ. ಇವಳು ನೋಡಿದ್ರೆ, ಅಣ್ಣ, ನಿಮ್ಮ ಮಿಷನ್ ಕೆಟ್ಟಿದೆ ಅಂತಾಳೆ" ಎಂದು ಅವನು ಈಗಲೂ ಹೇಳುತ್ತಾನೆ.

ಚಿಕ್ಕಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿಂದ ಹೇಳಿಕೊಟ್ಟರು. ಕವರನ್ನು ಕಿವಿಯ ಹತ್ತಿರ ಹಿಡಿದು ಮುದುಡಬೇಕು. ಚರಚರ ಎಂದರೆ ಒಂದು ಜಾತಿ, ಸದ್ದಿಲ್ಲದೆ ಮೆತ್ತಗೆ ಮುದುಡಿದರೆ ಇನ್ನೊಂದು. ಬಾಟ್ಲಿ ಮತ್ತು ಅದರ ಮುಚ್ಚಳ ಒಂದೇ ಮನೆಯಿಂದ ಬಂದರೂ ಒಂದೇ ಕುಲದವಲ್ಲ: ಚೂರು ಮಾಡಿ ನೀರಿಗೆ ಹಾಕಿದರೆ ಬಾಟ್ಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಹೊಳೆಯುವ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಬೇಕು. ಹಿಂಡಿದಂತೆಯೇ ಉಳಿದರೆ ಲೋಹದ ಹಾಳೆ, ಮೆಲ್ಲಗೆ ಅರಳಿದರೆ ಬರೀ ಹೊಳಪಿನ ಪ್ಲಾಸ್ಟಿಕ್ಕು. ಸುಮಾರು ನಾನೂರು ಮನೆಗಳ ಒಣ ಕಸ ದಿನಾ ಈ ಮೇಜಿನ ಮೇಲೆ ಸುರಿಯುತ್ತದೆ. ಹಸಿ ಕಸದಲ್ಲಿ ಬೆರೆತು ಬಂದದ್ದು ಯಾವ ಜಾತಿಯದಾದರೂ ಯಾರಿಗೂ ಬೇಡ.

ಮೇಜಿನ ಸುತ್ತ ಕೂತವರು ಒಮ್ಮೆ ಆರಿಸಿದ್ದನ್ನು ಮಿಷನ್ನಿಗೆ ಹಾಕುವ ಮುಂಚೆ ಕಡೆಯದಾಗಿ ಮುಟ್ಟಿ ನೋಡುವವರೊಬ್ಬರು ಇರುತ್ತಾರೆ. ಅದನ್ನು ಇಲ್ಲಿ ಕೊನೆಯ ಕೈ ಎನ್ನುತ್ತಾರೆ. ಅದು ಚಿಕ್ಕಮ್ಮನ ಜಾಗ. ಹಿಂದಿನ ತಿಂಗಳು ಅವರು ಜ್ವರ ಬಂದು ಮಲಗಿದ್ದಾಗ ಹೋದ ಕವರಿನ ಬೇಲುಗಳಲ್ಲಿ, ಅಂದರೆ ಮಿಷನ್ನಿನಲ್ಲಿ ಒತ್ತಿ ತಂತಿ ಬಿಗಿದ ಕಟ್ಟುಗಳಲ್ಲಿ, ಬೆರಕೆ ಸಿಕ್ಕಿತು. ಲಾರಿಯ ಜೊತೆ ಬರುವ ವ್ಯಾಪಾರಿ ಎಲ್ಲವನ್ನೂ ವಾಪಸ್ ತಂದು ಬಾಗಿಲಲ್ಲೇ ಕೆಡವಿದ. ಇನ್ನೊಮ್ಮೆ ಹೀಗಾದರೆ ಬೇರೆ ಶೆಡ್ ನೋಡಿಕೊಳ್ಳುತ್ತೇನೆ ಎಂದ. ಅವನು ಕೊಳ್ಳದಿದ್ದರೆ ಈ ಕವರೆಲ್ಲ ಊರಾಚೆಯ ಗುಂಡಿಗೆ, ಮೇಜಿನ ಸುತ್ತ ಕೂತವರೆಲ್ಲ ಮನೆಗೆ.

ಇವತ್ತು ಆ ಜಾಗದಲ್ಲಿ ಮುಚ್ಚಳ ಕೂರುತ್ತಾಳೆ. ಪೂರ್ತಿ ಅಲ್ಲ, ಸ್ಟೂಲಿನ ಅಂಚಿನಲ್ಲಿ. ಮೊದಲ ಮೂಟೆಗೆ ಕೈಯಿಡುವ ಮುಂಚೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾಳೆ. ಆಮೇಲೆ ಅಳುವುದಕ್ಕೆ ಪುರುಸೊತ್ತಿಲ್ಲ. ಕವರು ಕಿವಿಗೆ, ಕಿವಿಯಿಂದ ಬುಟ್ಟಿಗೆ.

ಮಧ್ಯಾಹ್ನದ ಹೊತ್ತಿಗೆ ಕೈ ನಿಲ್ಲುತ್ತದೆ. ಹೊಸ ಬಗೆಯ ಬಿಳಿ ಕವರುಗಳದೊಂದು ದೊಡ್ಡ ರಾಶಿ ಬಂದಿದೆ. ನೋಡಲು ಮೆತ್ತನೆಯ ಜಾತಿಯದರಂತೆ ಇದೆ. ಮುದುಡಿದರೆ ಸದ್ದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಇಂಥದ್ದನ್ನು ಚಿಕ್ಕಮ್ಮ ತೋರಿಸಿರಲಿಲ್ಲ.

"ಹಾಕಮ್ಮ ಒಳಗೆ" ಎನ್ನುತ್ತಾನೆ ಅಣ್ಣ. "ಬೇಲ್ ತುಂಬಬೇಕು. ನಡುವೆ ಹೋದ್ರೆ ಯಾರಿಗೆ ಕಾಣಿಸುತ್ತೆ?"

"ಕೇಳೋಣ ಅಂದ್ರೆ…" ಎಂದು ಆಕೆ ಅಭ್ಯಾಸದಂತೆ ಚಿಕ್ಕಮ್ಮನಿಗಾಗಿ ಪಕ್ಕಕ್ಕೆ ತಿರುಗುತ್ತಾಳೆ.

ಒಂದು ಕವರನ್ನು ತೆಗೆದುಕೊಂಡು ಅಂಚನ್ನು ಹಲ್ಲಿನಿಂದ ಕಚ್ಚಿ ನಿಧಾನವಾಗಿ ಹರಿಯುತ್ತಾಳೆ. ಹರಿದ ಕಡೆ ಉಗುರಿನಿಂದ ಕೆದಕುತ್ತಾಳೆ. ಈರುಳ್ಳಿಯ ಒಳಪೊರೆ ಎದ್ದ ಹಾಗೆ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎರಡನೆಯ ಪದರ ಬಿಡಿಸಿಕೊಳ್ಳುತ್ತದೆ. ಎರಡು ಜಾತಿ ಅಂಟಿಸಿ ಮಾಡಿದ ಕವರು.

"ಇದು ಬೇಡ. ಅಷ್ಟೂ ಆಚೆ ಹಾಕಿ."

"ಅಷ್ಟೂನಾ? ಬೇಲ್ ಕಮ್ಮಿಯಾಗುತ್ತೆ, ಆಮೇಲೆ ಅವನ ಬಾಯಿಗೆ ನಾನು ಸಿಕ್ಕೋಬೇಕು."

"ಬೈದ್ರೆ ನನ್ನ ಹೆಸರು ಹೇಳಿ."

ಲಾರಿ ಬರುತ್ತದೆ. ವ್ಯಾಪಾರಿ ಬೇಲುಗಳನ್ನು ಕಣ್ಣಲ್ಲೇ ಲೆಕ್ಕ ಹಾಕಿ, ಕಮ್ಮಿಯಿದೆಯೆಂದು ಗೊಣಗುತ್ತಾನೆ. ಒಂದರ ತಂತಿ ಕತ್ತರಿಸಿ ಕೈಯನ್ನು ಮೊಣಕೈವರೆಗೆ ಒಳಗಿಳಿಸಿ, ನಡುವಿನಿಂದ ಹಿಡಿ ಹಿಡಿ ಕವರು ಎಳೆಯುತ್ತಾನೆ. ಮುದುಡಿ ನೋಡುತ್ತಾನೆ. ಮತ್ತೊಂದು ಬೇಲ್, ಮತ್ತೆ ಹಾಗೆಯೇ.

"ಅಮ್ಮ ಎಲ್ಲಿ?" ಎಂದು ಕೇಳುತ್ತಾನೆ.

ಅಣ್ಣ ಹೇಳುತ್ತಾನೆ. ವ್ಯಾಪಾರಿ ಟೋಪಿ ತೆಗೆಯುತ್ತಾನೆ. ಆಮೇಲೆ, "ಯಾರು ಕೂತಿದ್ದು ಇವತ್ತು?" ಎನ್ನುತ್ತಾನೆ. ಎಲ್ಲರೂ ಆಕೆಯ ಕಡೆ ನೋಡುತ್ತಾರೆ. "ಸರಿ, ಏರಿಸಿ. ಮುಂದಿನ ಸಲನೂ ಈಯಮ್ಮನೇ ಕೂರಲಿ."

ಇದನ್ನು ಬರೆಯಲು ಬಂದ ನಾನು ಏನಾದರೂ ಬೇಕೇ ಎಂದು ಕೇಳಿದರೆ ಮುಚ್ಚಳ ತಲೆಯೆತ್ತಿ ದೀಪ ತೋರಿಸುತ್ತಾಳೆ. "ಮೇಜಿನ ಮೇಲೆ ಇನ್ನೊಂದು ದೀಪ ಹಾಕಿಸಿಕೊಟ್ರೆ ಒಳ್ಳೇದು. ಕಸ ಕೊಡೋ ಮನೆಯವರಿಗೂ ಒಂದು ಮಾತು ಹೇಳಿ, ಗಾಜು ಒಡೆದ್ರೆ ಪೇಪರಲ್ಲಿ ಸುತ್ತಿ ಕೊಡಿ ಅಂತ. ಚೀಲದೊಳಗೆ ಕಣ್ಣಿಗಿಂತ ಮುಂಚೆ ನಮ್ಮ ಕೈ ಹೋಗುತ್ತೆ."

ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಆಕೆ ಚಿಕ್ಕಮ್ಮನ ಮನೆಗೆ ಹೊರಡುತ್ತಾಳೆ. ಬಿಸಿಲು ಇಳಿದಿದೆ. ಊರಿಂದ ಮಗ ಬಂದು ಮುಟ್ಟಿದನಂತೆ. ದಾರಿಯುದ್ದಕ್ಕೂ ತುಟಿ ಅಲುಗುತ್ತಲೇ ಇದೆ. ಏನು ಹೇಳಿಕೊಳ್ಳುತ್ತಿದ್ದೀಯಮ್ಮ ಎಂದು ಜೊತೆಗೆ ನಡೆಯುತ್ತ ಕೇಳಿದರೆ, ನಡೆಯುತ್ತಲೇ, ಸ್ವಲ್ಪ ಗಟ್ಟಿಯಾಗಿ ಹೇಳುತ್ತಾಳೆ:

"ದೇವರೇ, ಚಿಕ್ಕಮ್ಮ ನಿನ್ನ ಹತ್ರ ಬಂದಿದ್ದಾರೆ. ತುಂಬ ದಣಿದಿದ್ದಾರೆ. ಏನೂ ಕೇಳ್ಬೇಡ, ಮೊದಲು ಮಲಗೋಕೆ ಬಿಡು. ಎಬ್ಬಿಸಬೇಡ. ಅವರ ಜೀವಕ್ಕೆ ಶಾಂತಿ ಕೊಡು."