ಬೌಲಾಂಡಿನ ಸೀತನಿ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಜರ್ಮನಿಯ ಹೈಡಲ್‌ಬರ್ಗಿನಿಂದ ಮೂವರು ಹೊರಟೆವು: ನಾನು, ತುಂಬು ಬಸುರಿ ಹೆಂಡತಿ ರೇಷ್ಮಾ, ಅವಳ ಹೆರಿಗೆಗೆಂದು ಗದಗಿನ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅತ್ತೆ. ಬೌಲಾಂಡ್ ಎಂಬ ಹಳ್ಳಿಗಾಡಿನಲ್ಲಿ ತಿನ್ನಲು ಕುಡಿಯಲು ಏನು ಸಿಗುತ್ತದೆ ನೋಡೋಣ ಎಂಬುದು ನೆಪ. ನಿಜವಾದ ಕಾರಣ ಬೇರೆ. ಬಂದ ಕೆಲವೇ ವಾರಗಳಲ್ಲಿ ಅತ್ತೆ ಊಟ ಅರ್ಧಕ್ಕೆ ಇಳಿಸಿದ್ದರು. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಎಂದಿದ್ದರು. ಆದರೂ ಹೆರಿಗೆಗೆ ಕಾಯದೆ ಮುಂದಿನ ವಾರವೇ ಊರಿಗೆ ಕಳಿಸಿ ಎಂದು ಅತ್ತೆಯ ಹಟ.

"ಇಲ್ಲಿ ನನಗ ಹಸಿವಾ ಆಗಂಗಿಲ್ಲ," ಎಂದರು ರೈಲಿನಲ್ಲಿ. "ಅರಬಿ ಮಷೀನ್ ಒಗಿತೈತಿ, ಭಾಂಡೆ ಮಷೀನ್ ತಿಕ್ಕತೈತಿ. ಕುಂತು ಕುಂತು ಉಣ್ಣಾಕ ನಾ ಏನ್ ದೇಸಾಯರ ಮನಿಯಾಕಿನ?"

"ಅವ್ವಾ, ಡೆಲಿವರಿ ಟೈಮ್‌ಗೆ ನೀ ಇಲ್ಲಾಂದ್ರ ನಾ ಏನ್ ಮಾಡ್ಲಿ? ಇವರಿಗೆ ಮೀಟಿಂಗ್ ಬಿಟ್ಟು ಬ್ಯಾರೆ ಏನ್ ಗೊತ್ತೈತಿ?" ಎಂದಳು ರೇಷ್ಮಾ. ನಾನು ಅತ್ತೆಗೆ ಕಿಟಕಿಯಾಚೆಯ ನದಿ ತೋರಿಸಿದೆ. ಇಂಥ ಹೊತ್ತಿನಲ್ಲಿ ನೆಕ್ಕರ್ ನದಿ ಬಹಳ ಉಪಯೋಗಕ್ಕೆ ಬರುತ್ತದೆ.

ಮೂವರಿಗೂ ಸೇರಿ ಒಂದು ದಿನದ ಟಿಕೆಟ್ ಸಾಕಾಗಿತ್ತು. ನದಿಯ ಪಕ್ಕದಲ್ಲೇ ಸಾಗುವ ರೈಲು ಒಂದು ಗಂಟೆಗೂ ತುಸು ಹೆಚ್ಚು ಹೊತ್ತಿನಲ್ಲಿ ಓಸ್ಟರ್‌ಬುರ್ಕೆನ್ ಎಂಬ ಸಣ್ಣ ಪಟ್ಟಣಕ್ಕೆ ತಲುಪಿಸಿತು. ಬಿಸಿಲಿತ್ತು, ಗಾಳಿ ಮಾತ್ರ ತಣ್ಣಗೆ ಬೀಸುತ್ತಿತ್ತು. ಇಲ್ಲಿನ ವಿಶೇಷ ಗ್ರ್ಯೂನ್‌ಕೆರ್ನ್: ಸ್ಪೆಲ್ಟ್ ಎಂಬ ಹಳೆಯ ಗೋಧಿಯನ್ನು ಹಸಿರಿರುವಾಗಲೇ ಕೊಯ್ದು, ಬೀಚ್ ಎಂಬ ಮರದ ಕಟ್ಟಿಗೆಯ ಬೆಂಕಿಯ ಮೇಲೆ ಒಣಗಿಸಿದ ಕಾಳು.

ಅಲ್ಲಿನ ಹೋಟೆಲಿನಲ್ಲಿ ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಕಾಳಿನ ಸೂಪು ಮಾಂಸದ ಸಾರಿನಲ್ಲಿ ಬೆಂದದ್ದು, ಹಲಾಲ್ ಅಲ್ಲ. ಕಾಳಿನ ವಡೆಯೊಳಗೆ ಹಂದಿ. ಆಲೂಗಡ್ಡೆ ಸಲಾಡೊಂದು ಉಳಿಯಿತಲ್ಲ ಎಂದುಕೊಂಡರೆ, ಬಡಿಸುವ ಹೆಂಗಸು ಮೂರನೇ ಸಲ ಅಡುಗೆಮನೆಗೆ ಹೋಗಿ ಬಂದು ಅದಕ್ಕೂ ಅದೇ ಸಾರು ಹಾಕಿದ್ದಾರೆ ಎಂದು ಪಾಪ ತಾನೇ ಪೆಚ್ಚಾದಳು. ಅತ್ತೆ ಬ್ರೆಡ್ಡಿನ ಒಂದು ತುಣುಕು ತಿಂದು, ಸೋಡಾ ಬೆರೆಸಿದ ಸೇಬಿನ ರಸವನ್ನು ಎರಡು ಗುಟುಕು ಕುಡಿದು ಲೋಟ ಸರಿಸಿದರು. ರೇಷ್ಮಾಳ ಮುಖ ನೋಡಲಾಗಲಿಲ್ಲ. ಸುಮ್ಮನೆ ಮನೆಯಲ್ಲೇ ಇರಬೇಕಿತ್ತು ಎನಿಸಿತು.

ಆದರೂ ಆ ಕಾಳು ಬೆಳೆಯುವ ಹಳ್ಳಿಯೊಂದನ್ನು ನೋಡಲೆಂದು ಬಸ್ ಹತ್ತಿದೆವು. ಅದು ನಮ್ಮನ್ನು ಹಳ್ಳಿಯ ಕೂಡುರಸ್ತೆಯಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಹೊಲಗಳ ನಡುವೆ ಒಂದು ಕಿಲೋಮೀಟರು. ಎರಡೂ ಕಡೆ ಎದೆಯೆತ್ತರದ ಹಸಿರು ಬೆಳೆ. ರೇಷ್ಮಾಳ ಕೈ ಹಿಡಿದು ನಿಧಾನಕ್ಕೆ ನಡೆಸುತ್ತಿದ್ದ ನಾನು ತಿರುಗಿ ನೋಡಿದರೆ ಅತ್ತೆ ದಾರಿಯಲ್ಲಿಲ್ಲ. ಹೊಲದಂಚಿನಲ್ಲಿ ನಿಂತು, ನಾಲ್ಕು ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕುತ್ತಿದ್ದರು.

"ಅತ್ತಿ! ಇಲ್ಲಿ ಹಂಗ ಕೀಳಬಾರದ್ರಿ! ಪೊಲೀಸ್ರು ಬರ್ತಾರ!"

"ನಾಲ್ಕು ತೆನಿಗೆ ಪೊಲೀಸ್ರ? ಸೀತನಿ ದಿನದಾಗ ನಮ್ಮ ಹೊಲದ ಮುಂದ ಯಾರರ ಹಾದ್ರ ನಾವ ಕೂಗಿ ಕರೀತೀವಿ."

ಸೀತನಿ ಎಂದರೆ ನಮ್ಮ ಕಡೆ ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು, ಉದುರಿಸಿ, ಬಿಸಿಬಿಸಿಯಾಗಿ ತಿನ್ನುವುದು. ಬಂದವರಿಗೆ ಕೊಡದೆ ತಿಂದರೆ ಜನ ಆಡಿಕೊಳ್ಳುತ್ತಾರೆ. ಇದನ್ನು ಜರ್ಮನ್ ಭಾಷೆಯಲ್ಲಿ ಹೇಗೆ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಟ್ರ್ಯಾಕ್ಟರೊಂದು ಬಂದು ನಿಂತೇಬಿಟ್ಟಿತು. ಇಳಿದ ರೈತನ ಕೈಯೆಲ್ಲ ಮಸಿ. "ಇದು ದುಡ್ಡು ಕೊಟ್ಟು ನೀವೇ ಕಿತ್ತುಕೊಳ್ಳಿ ಅನ್ನುವ ಹೊಲವಲ್ಲ. ಅದು ಸ್ಟ್ರಾಬೆರಿಗೆ," ಎಂದ. ನಗಲಿಲ್ಲ. ನಾನು ಕ್ಷಮೆ ಕೇಳಿದೆ, ದುಡ್ಡು ಕೊಡುತ್ತೇನೆ ಎಂದೂ ತೊದಲಿದೆ.

ಅತ್ತೆ ಮಾತ್ರ ಬೆದರಲಿಲ್ಲ. ತಿಕ್ಕಿ ಊದಿದ ಕಾಳನ್ನು ಅಂಗೈ ಚಾಚಿ ಅವನಿಗೇ ನೀಡಿದರು. ಅವನದೇ ಹೊಲದ ಕಾಳು! ಅವನು ಒಂದು ಕ್ಷಣ ನೋಡಿ, ಎರಡು ಕಾಳು ಎತ್ತಿ, ಒಂದನ್ನು ಉಗುರಿನಿಂದ ಒತ್ತಿ, ಇನ್ನೊಂದನ್ನು ಬಾಯಿಗೆ ಹಾಕಿಕೊಂಡ. "ನಾಳೆ ಕೊಯ್ಯುತ್ತೇವೆ," ಎಂದ.

ನಾನು ಕನ್ನಡಕ್ಕಿಳಿಸಿದೆ. "ಇವತ್ತ ಕೊಯ್ಯಬೇಕು," ಎಂದರು ಅತ್ತೆ. ಅದನ್ನು ಜರ್ಮನ್‌ಗೆ ಇಳಿಸಿದೆ. ಆಗ ಅವನು ನಕ್ಕ. ಹೆಸರು ಎರ್ವಿನ್ ಎಂದು ಹೇಳಿ, ಬಸುರಿಯನ್ನು ನೋಡಿ, ದಾರಿ ಕುಲುಕುತ್ತದೆ, ಟ್ರೇಲರ್ ಬೇಡ, ಕಾಳು ಒಣಗಿಸುವ ಮನೆಗೆ ನಡೆದೇ ಬನ್ನಿ ಎಂದು ಕೈ ತೋರಿಸಿದ. ಹೊಲ ಅವನದು; ಅವನೆಂದಂತೆ ಮರುದಿನವೇ ಕೊಯ್ದಿರಬೇಕು.

ಊರಿನ ಅಂಚಿನಲ್ಲಿದ್ದ ಅವನ ಒಣಗಿಸುವ ಮನೆ ಒಂದು ಕಲ್ಲಿನ ಕೋಣೆ. ಒಳಗೆ ತೂತು ತಗಡಿನ ಮೇಲೆ ಹಿಂದಿನ ದಿನ ಕೊಯ್ದ ಕಾಳು ಸಿಪ್ಪೆ ಸಮೇತ ಹರಡಿತ್ತು. ಕೆಳಗಿನಿಂದ ಹೊಗೆ. ಥೇಟ್ ಸೀತನಿಯದೇ ಆದ ಆ ವಾಸನೆ ಮೂಗಿಗೆ ಬಡಿದದ್ದೇ ರೇಷ್ಮಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಅತ್ತೆ ಬುರ್ಖಾದ ತೋಳು ಮೇಲೇರಿಸಿ, ಕೇಳದೆಯೇ ಅಲ್ಲಿದ್ದ ಅಗಲವಾದ ತಗಡಿನ ತಟ್ಟೆ ಎತ್ತಿಕೊಂಡರು. ಎರ್ವಿನ್ ಒಂದು ಸಲಿಕೆ ಕಾಳು ಹಾಕಿದ. ತಿಕ್ಕಿದರು, ಕೇರಿದರು, ಸಿಪ್ಪೆ ಹಾರಿ ಎರ್ವಿನ್‌ನ ಹೆಂಡತಿಯ ತಲೆಯ ಮೇಲೆಲ್ಲ ಕೂತಿತು. ಆಕೆ ಕೊಡವಿಕೊಳ್ಳದೆ ನಿಂತು ನೋಡಿದಳು.

ಕಾಳು ಇನ್ನೂ ಮೆತ್ತಗಿತ್ತು, ಬಿಸಿಯಾಗಿತ್ತು, ಸ್ವಲ್ಪ ಸಿಹಿ. ಅತ್ತೆ ಕೈಚೀಲದಿಂದ ಅಗಸಿ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ ತೆಗೆದು, ಮೊದಲು ಆ ಗಂಡ ಹೆಂಡತಿಗೆ ಕೊಟ್ಟು, ನಮಗೆ ಕೊಟ್ಟು, ಕಟ್ಟಿಗೆಯ ರಾಶಿಯ ಮೇಲೆ ಕೂತು ತಾವು ತಿಂದರು. ಮತ್ತೆ ಹಾಕಿಸಿಕೊಂಡರು. ಹಿಂಡಿ ಖಾರವಾಯಿತೆಂದು ಎರ್ವಿನ್ ಸೇಬಿನ ರಸದ ಜಗ್ಗು ತಂದಿಟ್ಟ. ಅದರಲ್ಲಿ ಅರ್ಧ ಅತ್ತೆಯೇ ಕುಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಫೋಟೊ ತೆಗೆಯುವುದೂ ಮರೆತುಹೋಯಿತು. ಊರಿಗೆ ಹೋಗುವ ಟಿಕೆಟಿನ ಮಾತು ಎತ್ತಲು ಮಾತ್ರ ನನಗಾಗಲಿ ರೇಷ್ಮಾಗಾಗಲಿ ಧೈರ್ಯವಾಗಲಿಲ್ಲ. ಒಂದು ದಿನ ಹೊಟ್ಟೆ ತುಂಬ ತಿಂದರು ಎಂದ ಮಾತ್ರಕ್ಕೆ ಮನಸ್ಸು ಬದಲಾಗಬೇಕೆಂದೇನಿಲ್ಲ.

ಹೊರಡುವಾಗ ಅವರ ಅಂಗಳದ ಅಂಗಡಿಯಲ್ಲಿ ಹಿಂದಿನ ವರ್ಷದ ಕಾಳು ಮಾರಾಟಕ್ಕಿತ್ತು. ನೆನಪಿಗಿರಲಿ ಎಂದು ಒಂದು ಸಣ್ಣ ಪೊಟ್ಟಣ ಎತ್ತಿಕೊಂಡೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದು ವಾಪಸ್ ಇಟ್ಟು, ಮೂಲೆಯಲ್ಲಿದ್ದ ದೊಡ್ಡ ಚೀಲ ತೋರಿಸಿದರು.

"ಅತ್ತಿ, ಮುಂದಿನ ವಾರ ಹೊಂಟೀರಿ. ವಿಮಾನದಾಗ ತೂಕ ಹೆಚ್ಚಾಗ್ತೈತ್ರಿ."

"ವಿಮಾನದಾಗ ಯಾಕ ಒಯ್ಲಿ? ಬಾಣಂತಿಗೆ ಗಂಜಿ ಮಾಡಾಕ ಬೇಕು. ನೀವೇನ್ ಆಕಿಗೆ ಪಿಜ್ಜಾ ತರಿಸವ್ರದೀರೇನು?"

ರೇಷ್ಮಾ ಅಂಗಳಕ್ಕೆ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ಚೀಲ ನಾನು ಹೊತ್ತೆ. ಕೂಡುರಸ್ತೆ ಬರುವವರೆಗೂ ಒಮ್ಮೆಯೂ ಕೆಳಗಿಳಿಸಲಿಲ್ಲ.