ಗುಲಾಲು ಹತ್ತಿದ ಕೈಯಿಂದ ಪಾರಣೆ

ನಾನು ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆಯವನು. ಸದಲಗಾದ ನಮ್ಮ ಜೈನ ಮನೆಯಲ್ಲಿ ಏಳುವುದು, ಸ್ನಾನ, ಬಸದಿ, ಊಟ ಎಲ್ಲಕ್ಕೂ ಅಪ್ಪ ಹೊತ್ತು ಗೊತ್ತುಮಾಡಿದ್ದರು. ಅಂಥವನು ಎಂಬತ್ತರ ದಶಕದಲ್ಲಿ ನಿಪ್ಪಾಣಿಯ ಒಂದು ಬ್ಯಾಂಡಿನಲ್ಲಿ ಗಿಟಾರ್ ಹಿಡಿದೆ. ತೊಂಬತ್ತರ ದಶಕ ಮುಗಿಯುವವರೆಗೂ ಬಿಡಲಿಲ್ಲ. ನಾವು ಬಾರಿಸುವುದಕ್ಕೆ ಪಂಕ್ ರಾಕ್ ಅನ್ನುತ್ತಾರೆಂದು ನಮ್ಮ ಡ್ರಮ್ಮಿನವನಿಗೆ ಮಾತ್ರ ಗೊತ್ತಿತ್ತು. ಪುಣೆಯ ಕಾರ್ಖಾನೆಯಲ್ಲಿದ್ದಾಗ ಅವನು ಅಂಥ ಕ್ಯಾಸೆಟ್ ಕೇಳಿದ್ದ. ಮೂರು ಕಾರ್ಡ್, ಓಡುವ ತಾಳ, ಗಂಟಲು ಹರಿಯುವ ಕೂಗು. ತಂಬಾಕು ತುಂಬಿಡುವ ವಖಾರಿಯ ಧೂಳು, ಬಾರದ ಬಸ್ಸು, ಹೋದ ಕರೆಂಟು ಇವೇ ನಮ್ಮ ಹಾಡುಗಳು. ಕನ್ನಡದಲ್ಲೊಂದು ಸಾಲು, ಮರಾಠಿಯಲ್ಲೊಂದು. ಅಥಣಿ, ರಾಯಬಾಗದ ಕಡೆ ಅರ್ಧ ಜನ ಎದ್ದು ಹೋಗುತ್ತಿದ್ದರು. ನಿಪ್ಪಾಣಿಯ ಹುಡುಗರು ಮಾತ್ರ ಗಣಪತಿ ಹಬ್ಬಕ್ಕೆ ನಮ್ಮನ್ನೇ ಕರೆಯುತ್ತಿದ್ದರು.

ತೊಡಕು ಅಲ್ಲಿಯೇ ಇತ್ತು. ಗಣಪತಿ ಕೂತ ಮರುದಿನ ನಮ್ಮಲ್ಲಿ ದಶಲಕ್ಷಣ ಪರ್ವ ಶುರುವಾಗುತ್ತದೆ, ಗಣಪತಿ ಕಳಿಸುವ ದಿನ ಮುಗಿಯುತ್ತದೆ. ಮನೆಯವರು ಉಪವಾಸವಿದ್ದು ಬಸದಿಯಲ್ಲಿ ಕೂತಿರುವ ದಿನಗಳಲ್ಲೇ ನಾನು ಲಾರಿಯ ಮೇಲೆ ನಿಂತು ಗದ್ದಲ ಎಬ್ಬಿಸಬೇಕು. ಸಂಜೆ ಐದಕ್ಕೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ. ಆಮೇಲೆ ಬೆಳಗಾಗುವವರೆಗೆ ನೀರೂ ಇಲ್ಲ.

"ಏನ್ ಮಹಾರಾಜ್ರ, ಲಗೂನ ಮುಗಸ್ರಿ. ಸೂರ್ಯಾ ನಿಮ್ಮ ಸಲುವಾಗಿ ನಿಂದ್ರೂದಿಲ್ಲ," ಎಂದು ಡ್ರಮ್ಮಿನವನು ಕಾಡುತ್ತಿದ್ದ.

ಒಂದು ವರ್ಷ ಅವ್ವ ಹತ್ತೂ ದಿನದ ಉಪವಾಸ ಹಿಡಿದಳು. ದಿನಕ್ಕೊಮ್ಮೆ ಕಾಯಿಸಿ ಆರಿಸಿದ ನೀರು, ಅಷ್ಟೇ. ಅರವತ್ತು ದಾಟಿದ ಜೀವ. ಪರ್ವ ಮುಗಿದ ಮರುದಿನ ಬೆಳಗ್ಗೆ ಮನೆಯವರು ಹೆಸರುಕಾಳಿನ ಕಟ್ಟು ಕುಡಿಸಿ ಉಪವಾಸ ಬಿಡಿಸಬೇಕು, ಅದೇ ಪಾರಣೆ.

"ಮೊದಲನೇ ಗುಟುಕು ನಿನ್ನ ಕೈಲೇ," ಎಂದಳು ಅವ್ವ, ಗಣಪತಿ ಕಳಿಸುವ ದಿನ ನಾನು ಗಿಟಾರ್ ಹೆಗಲಿಗೇರಿಸಿದಾಗ.

"ಬೆಳಕ ಹರಿಯೂದ್ರಾಗ ಮೆರವಣಿಗಿ ಮುಗೀತೈತಿ ಬೇ. ಮೊದಲನೇ ಬಸ್ಸಿಗೆ ಬರ್ತೇನಿ."

ಮುಗಿಯಲಿಲ್ಲ. ಬಿಸಿಲೇರಿದರೂ ನಮ್ಮ ಲಾರಿ ಪೇಟೆಯ ನಡುವೆಯೇ ಇತ್ತು. ಯಾರ ಗಣಪತಿ ಮುಂದೆ ಹೋಗಬೇಕೆಂದು ಎರಡು ಮಂಡಳಗಳು ಹಟಕ್ಕೆ ಬಿದ್ದಿದ್ದವು. ವಾದ್ಯ ನಿಂತರೆ ಹೊಡೆದಾಟವಾದೀತು, ಬಾರಿಸುತ್ತಲೇ ಇರಿ ಎಂದು ಹಿರಿಯರು ಕೆಳಗಿನಿಂದ ಸನ್ನೆ ಮಾಡುತ್ತಿದ್ದರು.

"ಅವ್ವಗ ಪಾರಣಿ ಮಾಡಿಸಬೇಕಲೇ. ಇಳೀತೇನಿ," ಎಂದೆ ಡ್ರಮ್ಮಿನವನಿಗೆ.

"ಈಗ? ಹುಚ್ಚ ಹಿಡದೈತೇನು? ಗಿಟಾರ್ ನಿಂತ್ರ ಹುಡುಗೂರು ಲಾರಿ ಏರ್ತಾರ. ಮನ್ಯಾಗ ಮತ್ತ್ಯಾರೂ ಇಲ್ಲೇನು?"

"ನನ್ನ ಕೈಲೇ ಅಂದಾಳ."

ಅವನು ಮುಂದಿನ ಹಾಡಿಗೆ ಕೋಲು ಎತ್ತಿದ. ನಾನೂ ಬಾರಿಸಿದೆ. ಅದು ಮುಗಿದದ್ದೇ ಗಿಟಾರನ್ನು ಹಾಡುವವನ ಕೊರಳಿಗೆ ಹಾಕಿದೆ.

"ನನಗ ಎರಡ ಕಾರ್ಡ್ ಬರೂದಲೇ!" ಎಂದು ಅವನು ಒದರಿದ.

"ಎರಡರಾಗ ನಡಸು," ಎಂದು ಲಾರಿಯಿಂದ ಜಿಗಿದೆ.

ಪೇಟೆಯೊಳಗೆ ಬಸ್ಸು ಬರುವಂತಿರಲಿಲ್ಲ. ಊರ ಹೊರಗೆ ನಡೆದು ತುಂಬಿದ ಜೀಪೊಂದಕ್ಕೆ ಜೋತುಬಿದ್ದು ಮನೆ ಮುಟ್ಟಿದೆ. ಅವ್ವ ಪಡಸಾಲೆಯ ಗೋಡೆಗೆ ಒರಗಿದ್ದಳು. ಕಣ್ಣು ಮುಚ್ಚಿದ್ದವು, ತುಟಿ ಬಿಳಿಚಿದ್ದವು. ಪಕ್ಕದಲ್ಲಿ ಮುಚ್ಚಿಟ್ಟ ಕಟ್ಟು ಆರಿಹೋಗಿತ್ತು.

"ಎಲ್ಲಾರೂ ಬೇಡಿಕೊಂಡ್ವಿ. ಬಾಯಿ ತೆರೀವಲ್ರು," ಎಂದರು ವೈನಿ, ನನ್ನ ಅಣ್ಣನ ಹೆಂಡತಿ.

ನಾನು ಲೋಟಕ್ಕೆ ಕೈ ಚಾಚಿದೆ.

"ಹಾಂಗ ಮುಟ್ಟಬ್ಯಾಡ," ಎಂದರು ಅಪ್ಪ. "ಕೈ ನೋಡ್ಕೊ."

ತಲೆಯಿಂದ ಪಾದದವರೆಗೆ ಮೆರವಣಿಗೆಯಲ್ಲಿ ಎರಚಿದ ಕೆಂಪು ಗುಲಾಲು. ತಂತಿ ಕೊಯ್ದ ಬೆರಳ ತುದಿಗಳಲ್ಲಿ ಅದು ರಕ್ತದೊಂದಿಗೆ ಕಲೆತು ಒಣಗಿತ್ತು. ಸ್ನಾನ ಮಾಡದೆ ಪಾರಣೆ ಮಾಡಿಸುವಂತಿಲ್ಲ. ಬಚ್ಚಲಿಗೆ ಓಡಿದೆ. ತಿಕ್ಕಿದಷ್ಟೂ ನೀರು ಕೆಂಪಾಗಿ ಹರಿಯಿತೇ ಹೊರತು ಬೆರಳ ಬಣ್ಣ ಬಿಡಲಿಲ್ಲ. ಹೊರಗೆ ವೈನಿ ಅವ್ವನನ್ನು ಕರೆಯುತ್ತಲೇ ಇದ್ದರು. ಅವ್ವ ಓ ಅನ್ನುತ್ತಿರಲಿಲ್ಲ. ನಾನು ಸ್ನಾನವನ್ನು ಅರ್ಧಕ್ಕೆ ಬಿಟ್ಟು ಒದ್ದೆ ಮೈಯಲ್ಲೇ ಬಂದೆ.

"ಇನ್ನೂ ಕೆಂಪ ಐತಿ," ಎಂದರು ಅಪ್ಪ.

ಅವ್ವ ಕಣ್ಣು ತೆರೆದಳು. "ಇರ್ಲಿ ಬಿಡ್ರಿ. ಕುಡಸೋ."

ಮೊದಲ ಗುಟುಕು ಗದ್ದದ ಮೇಲೆ ಹರಿಯಿತು. ಎರಡನೆಯದು ಒಳಗಿಳಿಯಿತು.

ಸಂಜೆ ಡ್ರಮ್ಮಿನವನು ಗಿಟಾರ್ ತಂದ. ಬಾಗಿಲ ಹೊರಗೇ ನಿಂತು, "ಅವ್ವಾರು ಕುಡುದ್ರೇನು?" ಎಂದ. ಹೌದೆಂದೆ. "ನಾಳೆ ರಾಯಬಾಗ ಐತಿ," ಎಂದು ಹೊರಟುಹೋದ.

ಮುಂದಿನ ವರ್ಷ ಅವ್ವ, ಮೊಣಕಾಲು ನೋವು, ಈ ಸಲ ಉಪವಾಸ ಬೇಡ ಎಂದಳು. ಮೊಣಕಾಲಿಗೂ ಉಪವಾಸಕ್ಕೂ ಏನು ಸಂಬಂಧ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತು ದಿನದ ಉಪವಾಸವನ್ನು ಅವಳು ಮತ್ತೆಂದೂ ಹಿಡಿಯಲಿಲ್ಲ.

ಆ ವರ್ಷವೂ ಮೆರವಣಿಗೆ ತಡವಾಯಿತು. ಅವ್ವನಿಗೆ ಉಪವಾಸವಿಲ್ಲವೆಂಬುದನ್ನೇ ಮರೆತು ಬಸ್ಸಿಳಿದು ಓಡಿದೆ, ಗುಲಾಲು ಹೋಗುವವರೆಗೆ ತಿಕ್ಕಿ ಸ್ನಾನ ಮಾಡಿ ಪಡಸಾಲೆಗೆ ಬಂದೆ. ಅವ್ವನ ಮುಂದೆ ಖಾಲಿ ಕಪ್ಪು-ಬಶಿ ಇತ್ತು.

"ಓಡಿ ಯಾಕ ಬಂದಿಯೋ?" ಎಂದಳು. "ನಂದು ಚಹಾ ಆತು."